ಐಸೆನ್‌ಹೋವರ್ ಅವರನ್ನು ಓದುವುದು ಹೇಗೆ: ಜನರಲ್ ಒಬ್ಬರು ಅಧ್ಯಕ್ಷರಾದ ಕತೆಗೆ ಒಂದು ದಾರಿ

ಸೈನ್ಯದಿಂದ ಬಂದು ದೇಶದ ಅಧ್ಯಕ್ಷರಾದವರ ಬಗ್ಗೆ ಓದಲು ಕೂತರೆ ಎರಡೇ ತರದ ಬರಹ ಕೈಗೆ ಸಿಗುತ್ತವೆ. ಒಂದು ಹಾರ ಹಾಕುವುದು, ಇನ್ನೊಂದು ಕಲ್ಲು ಹೊಡೆಯುವುದು. ಅಮೆರಿಕದ 34ನೇ ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ ವಿಷಯದಲ್ಲೂ ಹಾಗೇ. ಹಿಟ್ಲರ್‌ನನ್ನು ಸೋಲಿಸಿದ ಮಹಾ ಸೇನಾನಿ ಅಂತ ಒಬ್ಬರು ಬರೆದರೆ, ಎಂಟು ವರ್ಷ ಗಾಲ್ಫ್ ಆಡಿಕೊಂಡು ಕಾಲ ಕಳೆದ ಅಜ್ಜ ಅಂತ ಇನ್ನೊಬ್ಬರು ಬರೆಯುತ್ತಾರೆ. ಇರಾನಿನ ಹೆಸರೆತ್ತಿದರೆ ಮೂರನೆಯವರು ಬಂದು ಖಳನಾಯಕ ಅನ್ನುತ್ತಾರೆ. ಎಲ್ಲರ ಹತ್ತಿರವೂ ಒಂದಿಷ್ಟು ಸಾಕ್ಷಿ ಇದೆ. ತೊಂದರೆ ಇರುವುದೇ ಅಲ್ಲಿ.

ನೀವು ಪ್ರಬಂಧ ಬರೆಯಬೇಕಿರಲಿ, ಭಾಷಣ ಮಾಡಬೇಕಿರಲಿ, ಪರೀಕ್ಷೆಗೆ ಓದುತ್ತಿರಲಿ, ಅಥವಾ ಸುಮ್ನೆ ಕುತೂಹಲ ಇರಲಿ, ಈ ಮನುಷ್ಯನನ್ನು ಓದಲು ಒಂದು ದಾರಿ ಹೇಳುತ್ತೇನೆ. ಯಾವ ಘಟನೆಯನ್ನೂ ಒಂಟಿಯಾಗಿ ಓದಬೇಡಿ, ಅದರ ಜೋಡಿ ಹುಡುಕಿ. ಐಕ್ (ಇಡೀ ಅಮೆರಿಕ ಅವರನ್ನು ಕರೆಯುತ್ತಿದ್ದದ್ದೇ ಹೀಗೆ) ಒಂದು ಕಡೆ ಧೈರ್ಯ ತೋರಿಸಿದ್ದರೆ, ಅಂಥದ್ದೇ ಇನ್ನೊಂದು ಸಂದರ್ಭದಲ್ಲಿ ಏನು ಮಾಡಿದರು ನೋಡಿ. ಒಂದು ಭಾಷಣದಲ್ಲಿ ಏನೋ ಹೇಳಿದ್ದರೆ, ಅದೇ ಹೊತ್ತಿಗೆ ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದರು ನೋಡಿ. ಹೀಗೆ ಓದಿದರೆ ಹಾರವೂ ಉಳಿಯುವುದಿಲ್ಲ, ಕಲ್ಲೂ ಉಳಿಯುವುದಿಲ್ಲ. ಒಬ್ಬ ಮನುಷ್ಯ ಕಾಣಿಸುತ್ತಾನೆ.

ಮೊದಲು ಒಂದೇ ಹಾಳೆಯಲ್ಲಿ ಇಡೀ ಬದುಕು

ಒಂದು ಹಾಳೆ ತಗೊಂಡು ಇಸವಿಗಳನ್ನು ಬರೆದುಕೊಳ್ಳಿ. 1890ರ ಅಕ್ಟೋಬರ್ 14ರಂದು ಟೆಕ್ಸಸ್‌ನ ಡೆನಿಸನ್‌ನಲ್ಲಿ ಹುಟ್ಟಿದರು. ಬೆಳೆದದ್ದು ಕಾನ್ಸಾಸ್‌ನ ಅಬಿಲೀನ್ ಎಂಬ ಸಣ್ಣ ಊರಲ್ಲಿ. ಅಪ್ಪ ಅಲ್ಲಿನ ಬೆಣ್ಣೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಅಮ್ಮ ಯುದ್ಧವನ್ನೇ ಒಪ್ಪದ ದೈವಭಕ್ತೆ. 1911ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ಸೇರಿದರು, 1915ರಲ್ಲಿ ಪಾಸಾದರು. 1916ರಲ್ಲಿ ಮೇಮಿ ಜತೆ ಮದುವೆ. 1942ರಲ್ಲಿ ಉತ್ತರ ಆಫ್ರಿಕಾದ ದಾಳಿ, 1944ರಲ್ಲಿ ಹಿಟ್ಲರ್ ಹಿಡಿತದಲ್ಲಿದ್ದ ಫ್ರಾನ್ಸಿನ ನಾರ್ಮಂಡಿ ತೀರದ ಮೇಲೆ ದಾಳಿ. ಯುದ್ಧ ಮುಗಿದ ಮೇಲೆ ಸೇನಾ ಮುಖ್ಯಸ್ಥ, ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ, ಆಮೇಲೆ ಪಶ್ಚಿಮ ದೇಶಗಳ ಸೇನಾ ಕೂಟ ನ್ಯಾಟೋದ ಮೊದಲ ಸುಪ್ರೀಂ ಕಮಾಂಡರ್. 1953ರಿಂದ 1961ರವರೆಗೆ ದೇಶದ ಅಧ್ಯಕ್ಷ. 1969ರ ಮಾರ್ಚ್ 28ರಂದು ಸಾವು.

ಈಗ ಆ ಹಾಳೆಯಲ್ಲಿ ಖಾಲಿ ಬಿದ್ದಿರುವ ಜಾಗ ನೋಡಿ. 1916ರಿಂದ 1942ಕ್ಕೆ ಒಂದೇ ಜಿಗಿತ! ಬಹುತೇಕ ಬರಹಗಳು ಮಾಡುವುದೂ ಇದನ್ನೇ. ಆದರೆ ಅಧ್ಯಕ್ಷ ಐಕ್ ಅರ್ಥವಾಗಬೇಕಾದರೆ ನಾರ್ಮಂಡಿಗಿಂತ ಈ ಖಾಲಿ ಜಾಗವೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ.

ಮೊದಲನೇ ಮಹಾಯುದ್ಧದಲ್ಲಿ ಅವರು ಯುದ್ಧಭೂಮಿಯನ್ನೇ ನೋಡಲಿಲ್ಲ. ಗೆಟ್ಟಿಸ್‌ಬರ್ಗ್‌ನ ಒಂದು ಶಿಬಿರದಲ್ಲಿ ಟ್ಯಾಂಕ್ ಪಡೆಗೆ ತರಬೇತಿ ಕೊಡುತ್ತಿದ್ದರು, ಫ್ರಾನ್ಸಿಗೆ ಹೊರಡುವ ಮೊದಲೇ ಯುದ್ಧ ಮುಗಿದುಹೋಯಿತು. 1921ರ ಜನವರಿಯಲ್ಲಿ ಮೂರು ವರ್ಷದ ಮಗ ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡ. ಅದನ್ನು ಪೂರ್ತಿ ಮರೆಯಲು ಎಂದಿಗೂ ಆಗಲಿಲ್ಲ ಅಂತ ಅವರು ಮುಪ್ಪಿನಲ್ಲಿ ಬರೆದುಕೊಂಡಿದ್ದಾರೆ. 1920ರಿಂದ 1936ರವರೆಗೆ ಅವರು ಮೇಜರ್‌ಗಿಂತ ಮೇಲೇರಲೇ ಇಲ್ಲ. ಹದಿನಾರು ವರ್ಷ ಮೇಲೇರದ ರ‍್ಯಾಂಕ್! ಬೇರೆ ಯಾರಾದರೂ ರಾಜೀನಾಮೆ ಬಿಸಾಕಿ ಹೋಗುತ್ತಿದ್ದರು.

ಆ ಹದಿನಾರು ವರ್ಷದಲ್ಲಿ ಇಬ್ಬರು ಗುರುಗಳು ಸಿಕ್ಕಿದರು. ಒಬ್ಬರು ಪನಾಮಾದಲ್ಲಿ ಮೇಲಧಿಕಾರಿಯಾಗಿದ್ದ ಫಾಕ್ಸ್ ಕಾನರ್. ಇನ್ನೊಂದು ಮಹಾಯುದ್ಧ ಬಂದೇ ಬರುತ್ತದೆ, ಅದನ್ನು ಮಿತ್ರದೇಶಗಳ ಜತೆ ಸೇರಿಯೇ ಮಾಡಬೇಕಾಗುತ್ತದೆ, ಬೇರೆ ದೇಶದ ಸೇನಾನಿಗಳ ಜತೆ ಹೊಂದಿಕೊಂಡು ಹೋಗುವುದನ್ನು ಈಗಲೇ ಕಲಿ ಅಂತ ತಲೆಗೆ ತುಂಬಿದವರು ಅವರು. ಇನ್ನೊಬ್ಬರು ಡಗ್ಲಸ್ ಮ್ಯಾಕ್‌ಆರ್ಥರ್. ವಾಷಿಂಗ್ಟನ್‌ನಲ್ಲೂ ಫಿಲಿಪೀನ್ಸ್‌ನಲ್ಲೂ ವರ್ಷಗಟ್ಟಲೆ ಅವರ ಕೈಕೆಳಗೆ ದುಡಿದದ್ದರಿಂದ ದೊಡ್ಡ ಅಹಂಕಾರದ ದೊಡ್ಡ ಮನುಷ್ಯರನ್ನು ಹೇಗೆ ಸಂಭಾಳಿಸಬೇಕು ಅನ್ನುವುದು ಐಕ್‌ಗೆ ಕರಗತವಾಯಿತು. ಮುಂದೆ ಬ್ರಿಟನ್ನಿನ ಪ್ರಧಾನಿ ಚರ್ಚಿಲ್, ಅಲ್ಲಿನ ಸೇನಾನಿ ಮಾಂಟ್‌ಗೊಮರಿ, ಅಮೆರಿಕದ ಜನರಲ್ ಪ್ಯಾಟನ್, ಫ್ರಾನ್ಸಿನ ಡಿಗಾಲ್ ಈ ನಾಲ್ವರನ್ನೂ ಒಂದೇ ಯುದ್ಧದಲ್ಲಿ ಎಳೆದುಕೊಂಡು ಹೋಗಬೇಕಾದಾಗ ಈ ವಿದ್ಯೆಯೇ ಕೆಲಸಕ್ಕೆ ಬಂತು. 1941ರ ಮಾರ್ಚ್‌ನಲ್ಲಿ ಕರ್ನಲ್ ಆದವರು, ನಾಲ್ಕು ವರ್ಷ ತುಂಬುವ ಮೊದಲೇ, 1944ರ ಡಿಸೆಂಬರ್‌ನಲ್ಲಿ, ಐದು ನಕ್ಷತ್ರದ ಜನರಲ್ ಆದರು. ಸಿನಿಮಾದಲ್ಲಿ ತೋರಿಸಿದರೆ ನಂಬುವುದು ಕಷ್ಟ.

ಒಂದು ಕಾಗದದಿಂದ ಶುರು ಮಾಡಿ

ಹಾಳೆ ತಯಾರಾಯಿತು. ಇನ್ನು ದೊಡ್ಡ ಜೀವನಚರಿತ್ರೆಗಳನ್ನು ಆಮೇಲೆ ಓದುವಿರಂತೆ, ಮೊದಲು ಒಂದು ಪುಟ್ಟ ಕಾಗದ ನೋಡಿ. ಅಬಿಲೀನ್‌ನಲ್ಲಿರುವ ಐಸೆನ್‌ಹೋವರ್ ಗ್ರಂಥಾಲಯದಲ್ಲಿ ಅದು ಇದೆ, ಚಿತ್ರ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ನಾರ್ಮಂಡಿ ದಾಳಿ ಸೋತುಹೋದರೆ ಪತ್ರಿಕೆಗಳಿಗೆ ಕೊಡಲು ಅವರೇ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಂಡ ಹೇಳಿಕೆ ಅದು.

ಸಂದರ್ಭ ಗೊತ್ತಿರಬೇಕು. ದಾಳಿ ನಡೆಯಬೇಕಿದ್ದದ್ದು 1944ರ ಜೂನ್ 5ರಂದು. ಹವಾಮಾನ ಕೆಟ್ಟದ್ದರಿಂದ ಒಂದು ದಿನ ಮುಂದಕ್ಕೆ ಹೋಯಿತು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹತ್ತಿರದ ಸೌತ್‌ವಿಕ್ ಹೌಸ್‌ನಲ್ಲಿ ಹವಾಮಾನ ತಜ್ಞ ಜೇಮ್ಸ್ ಸ್ಟ್ಯಾಗ್ ಬಂದು, ಮಳೆಗಾಳಿ ಸ್ವಲ್ಪ ಹೊತ್ತು ಬಿಡುವು ಕೊಡಬಹುದು ಅಂದರು. ಅಷ್ಟೇ, ಬಿಡುವು ಕೊಡಬಹುದು! ಆ ಅವಕಾಶ ಬಿಟ್ಟರೆ ಚಂದ್ರ ಮತ್ತು ಉಬ್ಬರವಿಳಿತ ಮತ್ತೆ ಹೊಂದಿಕೆಯಾಗಲು ಎರಡು ವಾರ ಕಾಯಬೇಕಿತ್ತು. ಐಕ್ ಹೋಗೋಣ ಅಂದರು. (ಎರಡು ವಾರ ಕಾದಿದ್ದರೆ ಜೂನ್ 19ರ ದೊಡ್ಡ ಬಿರುಗಾಳಿಗೆ ನೇರವಾಗಿ ಸಿಕ್ಕಿಹಾಕಿಕೊಳ್ಳುತ್ತಿದ್ದರು.) ಸುಮಾರು ಒಂದೂವರೆ ಲಕ್ಷ ಸೈನಿಕರ ಜೀವ ಆ ಮಾತಿನ ಮೇಲೆ ನಿಂತಿತ್ತು.

ಆ ಕಾಗದದಲ್ಲಿ ಇರುವುದು ನಾಲ್ಕೇ ವಾಕ್ಯ. ದಾಳಿ ಕಾಲೂರಲು ಆಗಲಿಲ್ಲ ಅನ್ನುವುದು ಮೊದಲನೆಯದು. ಇದ್ದ ಮಾಹಿತಿಯನ್ನೆಲ್ಲ ನೋಡಿಯೇ ತೀರ್ಮಾನ ಮಾಡಿದೆ ಅನ್ನುವುದು ಎರಡನೆಯದು. ಸೈನಿಕರು ಧೈರ್ಯದಲ್ಲಿ ಏನೂ ಕಡಿಮೆ ಮಾಡಲಿಲ್ಲ ಅನ್ನುವುದು ಮೂರನೆಯದು. ತಪ್ಪು ಅಂತ ಏನಾದರೂ ಇದ್ದರೆ ಅದು ನನ್ನೊಬ್ಬನದು ಅನ್ನುವುದು ಕೊನೆಯದು. ಈಗ ಅಕ್ಷರಗಳನ್ನು ಬಿಟ್ಟು ಕಾಟು ಹಾಕಿದ ಜಾಗ ನೋಡಿ. ಮೊದಲು ಅವರು ಬರೆದದ್ದು ಪಡೆಗಳನ್ನು ಹಿಂದಕ್ಕೆ ಕರೆಸಲಾಗಿದೆ ಅಂತ. ಯಾರು ಕರೆಸಿದರು ಅಂತ ಗೊತ್ತಾಗದ ಹಾಗೆ ಬರೆಯುವ ಆಫೀಸು ಭಾಷೆ. ಅದನ್ನು ಹೊಡೆದುಹಾಕಿ, ನಾನು ಪಡೆಗಳನ್ನು ಹಿಂದಕ್ಕೆ ಕರೆಸಿದ್ದೇನೆ ಅಂತ ತಿದ್ದಿದ್ದಾರೆ. ಎರಡನೇ ವಾಕ್ಯದಲ್ಲೂ ಈ ಕಾರ್ಯಾಚರಣೆ ಅಂತ ಇದ್ದದ್ದನ್ನು ಹೊಡೆದು ನನ್ನ ತೀರ್ಮಾನ ಅಂತ ಮಾಡಿದ್ದಾರೆ. ಕೊನೆಯ ಎರಡು ಪದಗಳ ಕೆಳಗೆ ಗೆರೆ ಎಳೆದಿದ್ದಾರೆ. ಒತ್ತಡ ಎಷ್ಟಿತ್ತು ಅಂದರೆ ತಾರೀಖು ಹಾಕುವಾಗ ಜೂನ್ 5ರ ಬದಲು ಜುಲೈ 5 ಅಂತ ಬರೆದುಬಿಟ್ಟಿದ್ದಾರೆ. ಬಳಕೆಯಾಗದ ಆ ಚೀಟಿ ಪರ್ಸಿನಲ್ಲೇ ಉಳಿದು, ಜುಲೈನಲ್ಲಿ ಸಿಕ್ಕಾಗ ಸಹಾಯಕ ಹ್ಯಾರಿ ಬುಚರ್ ಇಟ್ಟುಕೊಂಡರು. ಇಲ್ಲದಿದ್ದರೆ ನಮಗೆ ಇದು ಸಿಗುತ್ತಲೇ ಇರಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಹಾರ ಹಾಕುವ ಬರಹ ಆಗುತ್ತದೆ. ಈಗ ಜೋಡಿ ನೋಡಿ. ಇದೂ ಕಾಟು ಹಾಕಿದ ಕತೆಯೇ.

1952ರ ಅಕ್ಟೋಬರ್ 3, ವಿಸ್ಕಾನ್ಸಿನ್‌ನ ಮಿಲ್ವಾಕೀ. ಚುನಾವಣಾ ಪ್ರಚಾರ. ಆ ರಾಜ್ಯದ ಸೆನೆಟರ್ ಜೋಸೆಫ್ ಮೆಕಾರ್ಥಿ, ಸಿಕ್ಕಸಿಕ್ಕವರನ್ನೆಲ್ಲ ಕಮ್ಯುನಿಸ್ಟ್ ಅಂತ ಬೆದರಿಸುತ್ತಿದ್ದ ಮನುಷ್ಯ, ಹಿಂದಿನ ವರ್ಷವಷ್ಟೇ ಜನರಲ್ ಜಾರ್ಜ್ ಮಾರ್ಷಲ್ ಮೇಲೆ ದೇಶದ್ರೋಹದಂಥ ಆರೋಪ ಹೊರಿಸಿದ್ದರು. ಮಾರ್ಷಲ್ ಯಾರು? ಯಾರಿಗೂ ಗೊತ್ತಿಲ್ಲದ ಐಕ್‌ರನ್ನು ಗುರುತಿಸಿ, ನೂರಾರು ಹಿರಿಯ ಅಧಿಕಾರಿಗಳನ್ನು ದಾಟಿಸಿ ಮೇಲಕ್ಕೆ ತಂದವರು. ಐಕ್ ಅಂದಿನ ಭಾಷಣದ ಕರಡಿನಲ್ಲಿ ಮಾರ್ಷಲ್ ಪರವಾಗಿ ಒಂದು ಪ್ಯಾರಾ ಇತ್ತು. ಆ ರಾಜ್ಯದ ಪಕ್ಷದವರು ಬೇಡ ಅಂದರು, ಓಟು ಹೋಗುತ್ತದೆ ಅಂದರು. ಐಕ್ ಆ ಪ್ಯಾರಾ ತೆಗೆಸಿಬಿಟ್ಟರು. ಅದು ಇರುತ್ತದೆ ಅಂತ ಪತ್ರಕರ್ತರಿಗೆ ಆಗಲೇ ಸುದ್ದಿ ಹೋಗಿತ್ತು, ಹಾಗಾಗಿ ಇಡೀ ದೇಶಕ್ಕೆ ಗೊತ್ತಾಯಿತು.

ತಪ್ಪು ನನ್ನೊಬ್ಬನದು ಅಂತ ಗೆರೆ ಎಳೆದ ಕೈಯೇ ಗುರುವಿನ ಹೆಸರಿನ ಮೇಲೂ ಗೆರೆ ಎಳೆಯಿತು, ಅಲ್ವಾ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡೇ ಮುಂದೆ ಹೋಗಿ. ಅಧ್ಯಕ್ಷರಾದ ಮೇಲೂ ಐಕ್ ಮೆಕಾರ್ಥಿಯ ಹೆಸರು ಹಿಡಿದು ಬಹಿರಂಗವಾಗಿ ಬೈಯಲಿಲ್ಲ. ಆದರೆ 1954ರ ಮೇನಲ್ಲಿ ತಮ್ಮ ಸಿಬ್ಬಂದಿಯ ಒಳಮಾತುಕತೆಗಳನ್ನು ಸೆನೆಟ್ ಸಮಿತಿಗೆ ಹೇಳಬಾರದು ಅಂತ ಆದೇಶ ಹೊರಡಿಸಿ ಮೆಕಾರ್ಥಿಯ ವಿಚಾರಣೆಯ ಬುಡ ಅಲ್ಲಾಡಿಸಿದರು. ಡಿಸೆಂಬರ್‌ನಲ್ಲಿ ಸೆನೆಟ್ 67-22 ಮತಗಳಿಂದ ಮೆಕಾರ್ಥಿಯನ್ನು ಖಂಡಿಸಿತು. ಇದು ಜಾಣತನವೋ ಪುಕ್ಕಲುತನವೋ ಅಂತ ಇವತ್ತಿಗೂ ಜಗಳ ಇದೆ. ನನ್ನ ಮಟ್ಟಿಗೆ ಎರಡೂ. ಆ ನಡುವಿನ ಎರಡು ವರ್ಷದಲ್ಲಿ ಕೆಲಸ ಕಳೆದುಕೊಂಡವರಿಗೆ ಜಾಣತನದಿಂದ ಏನೂ ಲಾಭವಾಗಲಿಲ್ಲ. ಇದರ ಜತೆಗೆ 1953ರಲ್ಲಿ ಐಕ್ ಅವರೇ ಸಹಿ ಹಾಕಿದ 10450ನೇ ಆದೇಶವನ್ನೂ ಓದಿ. ಸಲಿಂಗಿಗಳು ಅನ್ನುವ ಕಾರಣಕ್ಕೇ ಸಾವಿರಾರು ಜನ ಸರ್ಕಾರಿ ಕೆಲಸ ಕಳೆದುಕೊಂಡದ್ದು ಅದರಿಂದ.

ಒಂದೇ ಡಿವಿಷನ್, ಎರಡು ಸಂಜೆ

ಇದು ನನಗೆ ಅತ್ಯಂತ ಇಷ್ಟದ ಜೋಡಿ. ಸ್ವಲ್ಪ ಸಮಯ ಕೊಡಿ.

1944ರ ಜೂನ್ 5ರ ಸಂಜೆ ಐಕ್ ಗ್ರೀನ್‌ಹ್ಯಾಮ್ ಕಾಮನ್ ವಿಮಾನ ನೆಲೆಗೆ ಹೋಗಿ, ಕೆಲವೇ ಗಂಟೆಗಳಲ್ಲಿ ಫ್ರಾನ್ಸಿನ ಮೇಲೆ ಜಿಗಿಯಲಿದ್ದ 101ನೇ ಏರ್‌ಬೋರ್ನ್ ಡಿವಿಷನ್ನಿನ ಹುಡುಗರ ಜತೆ ಮಾತಾಡಿದರು. ಆ ಫೋಟೊ ನೀವು ನೋಡಿಯೇ ಇರುತ್ತೀರಿ, ಮುಖಕ್ಕೆ ಮಸಿ ಬಳಿದುಕೊಂಡ ಸೈನಿಕರು, ನಡುವೆ ಕೈ ಎತ್ತಿ ಏನೋ ಹೇಳುತ್ತಿರುವ ಐಕ್. ಪ್ಯಾರಾಟ್ರೂಪರ್‌ಗಳಲ್ಲಿ ಭಾರೀ ಸಾವುನೋವು ಆಗುತ್ತದೆ ಅಂತ ವಾಯುಪಡೆಯ ಕಮಾಂಡರ್ ಲೀ-ಮ್ಯಾಲರಿ ಎಚ್ಚರಿಸಿದ್ದರು. ಅದು ಗೊತ್ತಿದ್ದೂ ಕಳಿಸುತ್ತಿದ್ದೇನೆ ಅನ್ನುವುದು ಮನಸ್ಸಿನಲ್ಲಿಟ್ಟುಕೊಂಡೇ ಅಲ್ಲಿ ನಿಂತಿದ್ದರು.

ಹದಿಮೂರು ವರ್ಷದ ನಂತರ, 1957ರ ಸೆಪ್ಟೆಂಬರ್ 24ರಂದು ಅದೇ 101ನೇ ಡಿವಿಷನ್ನಿನ ಸುಮಾರು ಸಾವಿರ ಸೈನಿಕರನ್ನು ಐಕ್ ಇನ್ನೊಂದು ಕಡೆ ಕಳಿಸಿದರು. ಈ ಸಲ ಫ್ರಾನ್ಸಿಗಲ್ಲ, ಅಮೆರಿಕದ್ದೇ ಆರ್ಕನ್ಸಾಸ್ ರಾಜ್ಯದ ಲಿಟ್ಲ್ ರಾಕ್ ಊರಿನ ಒಂದು ಹೈಸ್ಕೂಲಿಗೆ. ಶಾಲೆಯಲ್ಲಿ ಬಿಳಿಯ ಮತ್ತು ಕಪ್ಪು ಮಕ್ಕಳನ್ನು ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ಒಂಬತ್ತು ಕಪ್ಪು ವಿದ್ಯಾರ್ಥಿಗಳು ಒಳಗೆ ಹೋಗದ ಹಾಗೆ ಗವರ್ನರ್ ಓರ್ವಲ್ ಫಾಬಸ್ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನು ನಿಲ್ಲಿಸಿದರು. ಐಕ್ ಮೊದಲು ಮಾತುಕತೆಗೆ ಕರೆದರು, ಸೆಪ್ಟೆಂಬರ್ 14ರಂದು ನ್ಯೂಪೋರ್ಟ್‌ನಲ್ಲಿ ಭೇಟಿಯೂ ಆಯಿತು. ಫಾಬಸ್ ಊರಿಗೆ ವಾಪಸ್ ಹೋಗಿ ಗಾರ್ಡ್ ಪಡೆಯನ್ನು ಹಿಂದೆ ತೆಗೆದದ್ದೇನೋ ನಿಜ, ಆದರೆ ಕೋರ್ಟ್ ಹೇಳಿದ ಮೇಲೆ. ಶಾಲೆಯ ಮುಂದೆ ಸೇರಿದ್ದ ಗುಂಪನ್ನು ತಡೆಯಲು ಏನೂ ಮಾಡಲಿಲ್ಲ. 23ನೇ ತಾರೀಖು ಗಲಾಟೆಯಾಯಿತು. ಮರುದಿನ ಐಕ್ ಸೈನ್ಯ ಕಳಿಸಿದರು, ರಾಜ್ಯದ ಗಾರ್ಡ್ ಪಡೆಯನ್ನೇ ಫಾಬಸ್ ಕೈಯಿಂದ ಕಿತ್ತು ಕೇಂದ್ರದ ಕೈಗೆ ತಂದುಕೊಂಡರು, ನ್ಯೂಪೋರ್ಟ್‌ನಿಂದ ಶ್ವೇತಭವನಕ್ಕೆ ಬಂದು ಟಿವಿಯಲ್ಲಿ ಮಾತಾಡಿದರು. 25ರ ಬೆಳಗ್ಗೆ ಬಯೋನೆಟ್ ಹಿಡಿದ ಸೈನಿಕರ ನಡುವೆ ಆ ಒಂಬತ್ತು ಮಕ್ಕಳು ಶಾಲೆ ಮೆಟ್ಟಿಲು ಹತ್ತಿದರು.

ಇದನ್ನು ಓದಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಆ ಟಿವಿ ಭಾಷಣದ ಪೂರ್ತಿ ಪಠ್ಯ ತೆಗೆದು ಓದಿ. ಗುಂಪಿನ ಆಳ್ವಿಕೆ ಕೋರ್ಟಿನ ತೀರ್ಪನ್ನು ತುಳಿಯಲು ಬಿಡಲಾಗದು ಅನ್ನುವುದು ಅದರ ತಿರುಳು. ಕೋರ್ಟಿನ ತೀರ್ಪು ಸರಿಯಾಗಿದೆ, ಈ ಮಕ್ಕಳಿಗೆ ಅನ್ಯಾಯವಾಗಿತ್ತು ಅನ್ನುವ ಮಾತು ಎಲ್ಲಿದೆ ಅಂತ ಹುಡುಕಿ. ಸಿಗುವುದಿಲ್ಲ. ತೀರ್ಪಿನ ಬಗ್ಗೆ ತಮ್ಮ ಸ್ವಂತ ಅಭಿಪ್ರಾಯ ಮುಖ್ಯವಲ್ಲ, ಅದನ್ನು ಜಾರಿ ಮಾಡುವುದಷ್ಟೇ ತಮ್ಮ ಕೆಲಸ ಅನ್ನುವ ನಿಲುವನ್ನು ಅವರು ಕೊನೆವರೆಗೂ ಬಿಡಲಿಲ್ಲ. ಸೇನಾಧಿಕಾರಿ ಅಧ್ಯಕ್ಷರಾದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಕಂಡಿಲ್ಲ. ಆದೇಶ ಪಾಲಿಸದವರನ್ನು ಕಂಡರೆ ಅವರು ಒಂದು ಕ್ಷಣ ಸಹಿಸುವುದಿಲ್ಲ, ಆದರೆ ಆ ಆದೇಶ ಯಾಕೆ ನ್ಯಾಯ ಅಂತ ಜನರಿಗೆ ಮನವರಿಕೆ ಮಾಡುವುದು ತಮ್ಮ ಕೆಲಸ ಅಂತ ಅನ್ನಿಸುವುದೇ ಇಲ್ಲ.

ಪಾಠ ಇನ್ನೂ ಮುಗಿದಿಲ್ಲ, ಮುಂದಿನ ವರ್ಷವನ್ನೂ ಓದಿ. ಸೈನಿಕರು ಮಕ್ಕಳನ್ನು ಬಾಗಿಲವರೆಗೆ ತಲುಪಿಸಬಹುದು, ಒಳಗೆ ಆ ಮಕ್ಕಳು ಇಡೀ ವರ್ಷ ಉಗುಳು, ಬೈಗುಳ, ತಳ್ಳಾಟ ಸಹಿಸಬೇಕಾಯಿತು. ಆ ಒಂಬತ್ತರಲ್ಲಿ ಅರ್ನೆಸ್ಟ್ ಗ್ರೀನ್ 1958ರಲ್ಲಿ ಪಾಸಾಗಿ ಹೊರಬಂದರು. ಆಮೇಲೆ 1958-59ರ ಸಾಲಿನಲ್ಲಿ ಫಾಬಸ್ ಊರಿನ ಹೈಸ್ಕೂಲುಗಳನ್ನೇ ಮುಚ್ಚಿಸಿದರು. ಹಾಗಂತ ಐಕ್ ಬರೀ ಸೈನ್ಯ ಕಳಿಸಿ ಕೈತೊಳೆದುಕೊಂಡರು ಅಂತಲೂ ಬರೆಯಬೇಡಿ. 1957ರ ನಾಗರಿಕ ಹಕ್ಕು ಕಾಯ್ದೆ 1875ರ ನಂತರ ಬಂದ ಮೊದಲನೆಯದು. ದಕ್ಷಿಣದ ಫೆಡರಲ್ ಕೋರ್ಟುಗಳಿಗೆ ಅವರು ನೇಮಿಸಿದ ಎಲ್ಬರ್ಟ್ ಟಟಲ್, ಫ್ರ್ಯಾಂಕ್ ಜಾನ್ಸನ್ ತರದ ನ್ಯಾಯಾಧೀಶರು ಮುಂದಿನ ಇಪ್ಪತ್ತು ವರ್ಷ ಒಂದಾದ ಮೇಲೊಂದು ತೀರ್ಪು ಕೊಟ್ಟು ಭೇದಭಾವದ ಗೋಡೆ ಕೆಡವಿದರು. ಭಾಷಣದಲ್ಲಿ ಇಲ್ಲದ್ದು ನೇಮಕಾತಿಯಲ್ಲಿ ಸಿಗುತ್ತದೆ. ಹಾಗಾಗಿ ಯಾವ ಅಧ್ಯಕ್ಷರನ್ನು ಓದುವಾಗಲೂ ನೇಮಕಾತಿ ಪಟ್ಟಿ ತಪ್ಪದೇ ನೋಡಿ.

ರಸ್ತೆ ಕತೆಯಲ್ಲಿ ಎಡವಬೇಡಿ

ಎಲ್ಲರೂ ಹೇಳುವ ಕತೆ ಇದು. 1919ರಲ್ಲಿ ವಾಷಿಂಗ್ಟನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಸೇನೆ ಒಂದು ವಾಹನ ದಂಡು ಕಳಿಸಿತು. ಯುವ ಐಕ್ ಜತೆಗಿದ್ದರು. ಸುಮಾರು 5,200 ಕಿ.ಮೀ. ದೂರಕ್ಕೆ 62 ದಿನ ಹಿಡಿಯಿತು. ಮರದ ಸೇತುವೆಗಳು ಮುರಿದವು, ಲಾರಿಗಳು ಕೆಸರಿನಲ್ಲಿ ಹೂತವು. ಮುಂದೆ ಯುದ್ಧದಲ್ಲಿ ಜರ್ಮನಿಯ ಆಟೊಬಾನ್ ಹೆದ್ದಾರಿಗಳನ್ನು ನೋಡಿದರು. 1956ರ ಜೂನ್ 29ರಂದು ಹೆದ್ದಾರಿ ಕಾಯ್ದೆಗೆ ಸಹಿ ಹಾಕಿದರು, 41,000 ಮೈಲಿ ರಸ್ತೆ, ಶೇ 90ರಷ್ಟು ಖರ್ಚು ಕೇಂದ್ರದ್ದು.

ಕತೆ ನಿಜವೇ, ಆದರೆ ಇದರ ಜತೆ ಒಂದು ಸುಳ್ಳು ಅಂಟಿಕೊಂಡು ಬರುತ್ತದೆ. ವಿಮಾನ ಇಳಿಸಲು ಅನುಕೂಲವಾಗಲಿ ಅಂತ ಐದು ಮೈಲಿಗೆ ಒಂದು ಮೈಲಿ ನೇರವಾಗಿರಲೇಬೇಕು ಅಂತ ಕಾಯ್ದೆಯಲ್ಲಿದೆ ಅನ್ನುವುದು. ಅಂಥ ನಿಯಮ ಇಲ್ಲವೇ ಇಲ್ಲ. ಇದನ್ನು ಬರೆದಿರುವ ಲೇಖನ ಸಿಕ್ಕರೆ ಅದರ ಉಳಿದ ಮಾತನ್ನೂ ಅನುಮಾನದಿಂದ ನೋಡಿ. ಹೆದ್ದಾರಿಗೆ ಜೋಡಿ ಬೇಕಿದ್ದರೆ ಅವು ಹಾದುಹೋದ ನಗರಗಳಲ್ಲಿ ನೆಲಸಮವಾದ ಬಡವರ ಕೇರಿಗಳ ಬಗ್ಗೆ ಓದಿ, ಅದು ಬೇರೆಯೇ ಒಂದು ದೊಡ್ಡ ಅಧ್ಯಾಯ.

ಗುಟ್ಟಿನ ಕೆಲಸಗಳನ್ನು ಓದುವುದು

ಇಲ್ಲಿ ಸಹಿ ಹುಡುಕಿಕೊಂಡು ಹೋದರೆ ಸಿಗುವುದಿಲ್ಲ. ಸಹಿ ಇರಬಾರದು ಅನ್ನುವುದೇ ಅದರ ಲೆಕ್ಕಾಚಾರ. 1953ರ ಆಗಸ್ಟ್‌ನಲ್ಲಿ ಇರಾನಿನ ಪ್ರಧಾನಿ ಮೊಸಾದೆಕ್ ಪದಚ್ಯುತರಾದರು. 1954ರ ಜೂನ್‌ನಲ್ಲಿ ಗ್ವಾಟೆಮಾಲಾದ ಚುನಾಯಿತ ಅಧ್ಯಕ್ಷ ಆರ್ಬೆನ್ಸ್ ಅವರ ಸರದಿ. ಎರಡರ ಹಿಂದೆಯೂ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಇತ್ತು. ಇರಾನಿನಲ್ಲಿ ತನ್ನ ಪಾತ್ರವನ್ನು ಒಪ್ಪುವ ಸಿಐಎ ದಾಖಲೆ ಬಹಿರಂಗವಾದದ್ದು 2013ರಲ್ಲಿ, ಅರವತ್ತು ವರ್ಷದ ನಂತರ! ಸೈನಿಕರನ್ನು ಸಾಯಿಸದೆ, ಜಾಸ್ತಿ ಖರ್ಚಿಲ್ಲದೆ ಕೆಲಸ ಮುಗಿಯಿತು ಅಂತ ಶ್ವೇತಭವನಕ್ಕೆ ಆಗ ಅನ್ನಿಸಿತು. ಬಿಲ್ಲು ಬಂದದ್ದು ಆಮೇಲೆ. ಗ್ವಾಟೆಮಾಲಾ ದಶಕಗಳ ಅಂತರ್ಯುದ್ಧಕ್ಕೆ ಬಿತ್ತು, ಇರಾನಿನಲ್ಲಿ 1979ರ ಕ್ರಾಂತಿ ಬಂತು.

ಜೋಡಿಯಾಗಿ 1956ರ ಸೂಯೆಜ್ ಓದಿ. ಈಜಿಪ್ಟಿನ ನಾಸರ್ (ಇವರೂ ಸೇನಾಧಿಕಾರಿಯಾಗಿದ್ದು ಅಧ್ಯಕ್ಷರಾದವರೇ) ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದಾಗ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿ ದಾಳಿ ಮಾಡಿದವು. ಐಕ್ ತಮ್ಮ ಹಳೇ ಯುದ್ಧದ ಗೆಳೆಯರ ವಿರುದ್ಧವೇ ನಿಂತರು. ಕುಸಿಯುತ್ತಿದ್ದ ಪೌಂಡಿಗೆ ನೆರವು ಸಿಗದ ಹಾಗೆ ಮಾಡಿ ಬ್ರಿಟನ್ನಿನ ಕೈ ತಿರುಚಿದರು, ಅದೂ ತಮ್ಮದೇ ಚುನಾವಣೆಯ ವಾರದಲ್ಲಿ. ಬಹಿರಂಗ ದಾಳಿ ತಪ್ಪು, ಗುಟ್ಟಿನ ದಾಳಿ ಸರಿ ಅನ್ನುವ ಲೆಕ್ಕವೇ ಇದು? ಉತ್ತರ ನೀವೇ ಕಂಡುಕೊಳ್ಳಿ, ಆದರೆ ಎರಡರಲ್ಲಿ ಒಂದನ್ನು ಬಿಟ್ಟು ಬರೆಯಬೇಡಿ.

1960ರ ಯು-2 ಪ್ರಸಂಗವನ್ನು ಮೇಲಿನ ಚೀಟಿಯ ಪಕ್ಕ ಇಡಬಹುದು. ಮೇ 1ರಂದು ಸೋವಿಯತ್ ಒಕ್ಕೂಟ ಅಮೆರಿಕದ ಬೇಹುಗಾರಿಕೆ ವಿಮಾನ ಹೊಡೆದುರುಳಿಸಿತು. ಅದು ಹವಾಮಾನ ನೋಡುವ ವಿಮಾನ, ದಾರಿ ತಪ್ಪಿತ್ತು ಅಂತ ಅಮೆರಿಕ ಸುಳ್ಳು ಹೇಳಿತು. ಪೈಲಟ್ ಗ್ಯಾರಿ ಪವರ್ಸ್ ಜೀವಂತ ಸಿಕ್ಕಿದ್ದಾರೆ ಅಂತ ಸೋವಿಯತ್ ನಾಯಕ ಕ್ರುಶ್ಚೇವ್ ಮೇ 7ರಂದು ಬಾಂಬ್ ಹಾಕಿದರು. ಕೆಳಗಿನವರ ಮೇಲೆ ತಪ್ಪು ಹೊರಿಸಿ ಪಾರಾಗುವ ದಾರಿ ಇತ್ತು. ಐಕ್ ಮೇ 11ರಂದು ಪತ್ರಕರ್ತರ ಮುಂದೆ ಹೊಣೆ ಹೊತ್ತುಕೊಂಡರು. ಎರಡೂ ಬಣಗಳ ನಾಯಕರು ಸೇರಬೇಕಿದ್ದ ಪ್ಯಾರಿಸ್ ಶೃಂಗಸಭೆ ಮುರಿದುಬಿತ್ತು. 1944ರ ಮನುಷ್ಯ ಇಲ್ಲಿ ಮತ್ತೆ ಕಾಣಿಸುತ್ತಾರೆ, ಆದರೆ ಸುಳ್ಳು ಸಿಕ್ಕಿಬಿದ್ದ ಮೇಲೆ.

ಪೆದ್ದನಂತೆ ಮಾತಾಡಿದರೆ ನಂಬಬೇಡಿ

ಪತ್ರಿಕಾಗೋಷ್ಠಿಗಳಲ್ಲಿ ಐಕ್ ಆಡಿದ ಮಾತು ತಲೆಬುಡವಿಲ್ಲದೆ ಎಲ್ಲೆಲ್ಲೋ ಹರಿಯುತ್ತದೆ. ಆ ಕಾಲದ ಬುದ್ಧಿವಂತರು ಇದನ್ನು ಆಡಿಕೊಂಡು ನಕ್ಕಿದ್ದರು. 1955ರಲ್ಲಿ ತೈವಾನ್ ಹತ್ತಿರದ ದ್ವೀಪಗಳಿಗಾಗಿ ಚೀನಾ ಜತೆ ಬಿಕ್ಕಟ್ಟು ಬಂದಾಗ, ಅಣುಬಾಂಬ್ ಬಳಸುತ್ತೀರಾ ಅಂತ ಕೇಳಿದರೆ ಏನೂ ಹೇಳಬೇಡಿ ಅಂತ ಪತ್ರಿಕಾ ಕಾರ್ಯದರ್ಶಿ ಜಿಮ್ ಹ್ಯಾಗರ್ಟಿ ಕೇಳಿಕೊಂಡರು. ಚಿಂತೆ ಬೇಡ ಜಿಮ್, ಆ ಪ್ರಶ್ನೆ ಬಂದರೆ ಅವರಿಗೆ ಗೊಂದಲ ಮಾಡಿಬಿಡುತ್ತೇನೆ ಅಂದರಂತೆ ಐಕ್. ಮಾಡಿಯೂಬಿಟ್ಟರು. ಅವರ ಡೈರಿ, ಪತ್ರ, ಸಭೆಯ ಟಿಪ್ಪಣಿಗಳು 1970ರ ದಶಕದಿಂದ ತೆರೆದುಕೊಂಡ ಮೇಲೆ ಗೊತ್ತಾಯಿತು, ಒಳಗೆ ಬರೆಯುವಾಗ ವಾಕ್ಯಗಳು ಚೊಕ್ಕವಾಗಿ, ನಿಖರವಾಗಿವೆ.

ಅದಕ್ಕೇ ಅವರ ರ‍್ಯಾಂಕಿಂಗ್ ಇಷ್ಟು ಏರಿದ್ದು. 1962ರಲ್ಲಿ ಇತಿಹಾಸಕಾರರು 31 ಅಧ್ಯಕ್ಷರಲ್ಲಿ 22ನೇ ಸ್ಥಾನ ಕೊಟ್ಟಿದ್ದರು, 2021ರಲ್ಲಿ ಸಿ-ಸ್ಪ್ಯಾನ್ ಎಂಬ ಅಮೆರಿಕದ ಟಿವಿ ಜಾಲದ ಸಮೀಕ್ಷೆಯಲ್ಲಿ 5ನೇ ಸ್ಥಾನ. ನಡುವೆ ವಿಯೆಟ್ನಾಂ ಯುದ್ಧ ಮತ್ತು ಅಧ್ಯಕ್ಷ ನಿಕ್ಸನ್‌ರನ್ನು ಕೆಳಗಿಳಿಸಿದ ವಾಟರ್‌ಗೇಟ್ ಹಗರಣ ಬಂದದ್ದೂ ಒಂದು ಕಾರಣ, ಆಮೇಲಿನವರನ್ನು ನೋಡಿದ ಮೇಲೆ ಹಿಂದಿನವರೇ ವಾಸಿ ಅನ್ನಿಸುತ್ತದಲ್ಲ. ರ‍್ಯಾಂಕಿಂಗನ್ನು ಸಾಕ್ಷಿ ಅಂತ ಬಳಸಬೇಡಿ, ಕಾಲ ಹೇಗೆ ಬದಲಾಯಿತು ಅನ್ನುವುದಕ್ಕೆ ಬಳಸಿ. ಜೀವನಚರಿತ್ರೆಗಳನ್ನೂ ಒಂದಕ್ಕೊಂದು ತಾಳೆ ನೋಡಿ. ಐಕ್ ಜತೆ ನೂರಾರು ಗಂಟೆ ಕೂತು ಮಾತಾಡಿದ್ದೇನೆ ಅಂತ ಹೇಳಿಕೊಂಡಿದ್ದ ಪ್ರಸಿದ್ಧ ಲೇಖಕರೊಬ್ಬರು ನಿಜಕ್ಕೂ ಭೇಟಿಯಾದದ್ದು ಬೆರಳೆಣಿಕೆಯಷ್ಟು ಸಲ ಅಂತ ಐಕ್ ಕಚೇರಿಯ ದಿನಚರಿಯಿಂದಲೇ 2010ರಲ್ಲಿ ಹೊರಬಿತ್ತು.

ವಿದಾಯ ಭಾಷಣವನ್ನು ಪೂರ್ತಿ ಓದಿ

1961ರ ಜನವರಿ 17ರ ಭಾಷಣದಿಂದ ಎಲ್ಲರಿಗೂ ಗೊತ್ತಿರುವುದು ಒಂದೇ ಮಾತು, ಸೇನೆ ಮತ್ತು ಶಸ್ತ್ರೋದ್ಯಮದ ಕೂಟ ಅನಗತ್ಯ ಪ್ರಭಾವ ಗಳಿಸದಂತೆ ಎಚ್ಚರ ಇರಲಿ ಅನ್ನುವುದು. ಐದು ನಕ್ಷತ್ರದ ಜನರಲ್ ಬಾಯಲ್ಲಿ ಬಂದದ್ದರಿಂದ ಅದಕ್ಕೆ ಅಷ್ಟು ತೂಕ. ಆದರೆ ಅದೇ ಭಾಷಣದಲ್ಲಿ ದೊಡ್ಡ ಶಸ್ತ್ರೋದ್ಯಮ ಬೇಕೇ ಬೇಕು ಅಂತಲೂ ಇದೆ. ಸರ್ಕಾರಿ ನೀತಿ ವಿಜ್ಞಾನ-ತಂತ್ರಜ್ಞಾನದ ಪಂಡಿತರ ಕೈಗೊಂಬೆ ಆಗಬಾರದು ಅಂತಲೂ ಇದೆ. ಮೊಮ್ಮಕ್ಕಳ ಪಾಲಿನ ಸಂಪತ್ತನ್ನು ನಾವೇ ತಿಂದು ಮುಗಿಸಬಾರದು ಅನ್ನುವ ಮಾತೂ ಇದೆ.

ಇದಕ್ಕೆ ಎರಡು ಜೋಡಿ. ಒಂದು 1953ರ ಏಪ್ರಿಲ್ 16ರ ಭಾಷಣ, ಒಂದು ಬಾಂಬರ್ ವಿಮಾನದ ಬೆಲೆಗೆ ಮೂವತ್ತಕ್ಕೂ ಹೆಚ್ಚು ಊರುಗಳಲ್ಲಿ ಶಾಲೆ ಕಟ್ಟಬಹುದು ಅಂದದ್ದು. ಅಂದರೆ ವಿದಾಯದ ಮಾತು ಕೊನೆಗಾಲದ ಜ್ಞಾನೋದಯ ಅಲ್ಲ. ಇನ್ನೊಂದು ಜೋಡಿ ಅಂಕಿ. ಅವರು ಅಧಿಕಾರಕ್ಕೆ ಬಂದಾಗ ಅಮೆರಿಕದ ಹತ್ತಿರ ಸುಮಾರು ಸಾವಿರ ಅಣ್ವಸ್ತ್ರಗಳಿದ್ದವು, ಇಳಿಯುವಾಗ ಇಪ್ಪತ್ತು ಸಾವಿರದ ಆಸುಪಾಸು. ಸೈನಿಕರನ್ನು ಕಡಿಮೆ ಮಾಡಿ ಬಾಂಬ್ ಜಾಸ್ತಿ ಮಾಡಿದರೆ ಖರ್ಚು ಉಳಿಯುತ್ತದೆ ಅನ್ನುವ ಅವರದ್ದೇ ನೀತಿಯ ಫಲ ಇದು. ಭಾಷಣದ ಸಾಲನ್ನು ಹಂಚುವವರು ಈ ಅಂಕಿ ಹಂಚುವುದಿಲ್ಲ.

ಕೊನೆಗೆ ಒಂದು ಅಭ್ಯಾಸ

ಇದನ್ನು ಮಾಡಿದರೆ ಐಕ್ ಅಷ್ಟೇ ಅಲ್ಲ, ಸೇನೆಯಿಂದ ಬಂದ ಆಳುವವರೆಲ್ಲ ಅರ್ಥವಾಗುತ್ತಾರೆ. 1959ರ ಡಿಸೆಂಬರ್‌ನಲ್ಲಿ ಐಕ್ 11 ದೇಶಗಳ ಪ್ರವಾಸ ಮಾಡಿದರು. ಭಾರತಕ್ಕೆ ಬಂದ ಮೊದಲ ಅಮೆರಿಕ ಅಧ್ಯಕ್ಷರು ಅವರೇ, ದೆಹಲಿಯಲ್ಲಿ ಜನಸಾಗರ ಸೇರಿತ್ತು, ಸಂಸತ್ತಿನಲ್ಲಿ ಮಾತಾಡಿದರು. ಇದಕ್ಕೂ ಜೋಡಿ ಇದೆ. 1954ರಲ್ಲಿ ಪಾಕಿಸ್ತಾನಕ್ಕೆ ಶಸ್ತ್ರ ಕೊಡುವ ಒಪ್ಪಂದ ಮಾಡಿದ್ದೂ ಅವರೇ, ಅದೇ ವರ್ಷ ನಮಗೆ ಮುಂದೆ ಗೋಧಿ ತಂದ ಪಿಎಲ್-480 ಕಾಯ್ದೆಗೆ ಸಹಿ ಹಾಕಿದ್ದೂ ಅವರೇ.

ಆ ಒಂದೇ ಪ್ರವಾಸದಲ್ಲಿ ಅವರು ಕರಾಚಿಯಲ್ಲಿ ಆಯೂಬ್ ಖಾನ್, ಪ್ಯಾರಿಸ್‌ನಲ್ಲಿ ಡಿಗಾಲ್, ಮ್ಯಾಡ್ರಿಡ್‌ನಲ್ಲಿ ಸ್ಪೇನಿನ ಫ್ರಾಂಕೊ ಈ ಮೂವರನ್ನೂ ಭೇಟಿಯಾದರು. ಮೂವರೂ ಸೈನ್ಯದವರು, ಮೂವರೂ ದೇಶ ಆಳುತ್ತಿದ್ದವರು. ನಡುವೆ ಟೆಹರಾನ್‌ನಲ್ಲಿ, 1953ರಲ್ಲಿ ಸಿಐಎ ಭದ್ರಪಡಿಸಿದ್ದ ಇರಾನಿನ ದೊರೆ ಶಾ ಕೂಡ ಸಿಕ್ಕಿದರು. ಹಾಳೆ ತಿರುಗಿಸಿ ಐಕ್ ಮತ್ತು ಆ ಮೂವರು ಸೇನಾನಿಗಳಿಗೆ ನಾಲ್ಕು ಅಂಕಣ ಹಾಕಿ. ಮೊದಲ ಸಾಲಿನಲ್ಲಿ ಅಧಿಕಾರಕ್ಕೆ ಹೇಗೆ ಬಂದರು ಅಂತ ಬರೆಯಿರಿ. ಐಕ್ 1952ರಲ್ಲಿ ಸೇನಾ ಹುದ್ದೆ ಬಿಟ್ಟು ಚುನಾವಣೆಗೆ ನಿಂತು 442 ಎಲೆಕ್ಟೊರಲ್ ಮತ ಪಡೆದವರು. ಡಿಗಾಲ್ 1958ರ ಅಲ್ಜೀರಿಯಾ ಬಿಕ್ಕಟ್ಟಿನಲ್ಲಿ ಕರೆ ಬಂದು ಮರಳಿದವರು. ಆಯೂಬ್ ಅದೇ ವರ್ಷ ಮಾರ್ಷಲ್ ಲಾ ಅಂದರೆ ಸೇನಾಡಳಿತದ ಮೂಲಕ, ಫ್ರಾಂಕೊ ಅಂತರ್ಯುದ್ಧ ಗೆದ್ದು.

ಎರಡನೇ ಸಾಲಿನಲ್ಲಿ ಹೇಗೆ ಇಳಿದರು ಅಂತ ಬರೆಯಿರಿ. ಫ್ರಾಂಕೊ 1975ರಲ್ಲಿ ಸಾಯುವವರೆಗೂ ಇಳಿಯಲಿಲ್ಲ. ಆಯೂಬ್ ಬೀದಿ ಹೋರಾಟಕ್ಕೆ ಮಣಿದು 1969ರ ಮಾರ್ಚ್ 25ರಂದು ಇನ್ನೊಬ್ಬ ಜನರಲ್ ಯಾಹ್ಯಾ ಖಾನ್ ಕೈಗೆ ದೇಶ ಕೊಟ್ಟರು. ಮೂರು ದಿನದ ನಂತರ ಐಕ್ ತೀರಿಕೊಂಡರು, ಅಧಿಕಾರ ಬಿಟ್ಟು ಎಂಟು ವರ್ಷವಾಗಿತ್ತು. ಅವರ ಅಂತ್ಯಕ್ರಿಯೆಗೆ ವಾಷಿಂಗ್ಟನ್‌ಗೆ ಬಂದಿದ್ದ ಡಿಗಾಲ್ ಮರುತಿಂಗಳು ಜನಮತಗಣನೆಯಲ್ಲಿ ಸೋತರು, ಮರುದಿನವೇ ರಾಜೀನಾಮೆ ಕೊಟ್ಟರು.

ಮೂರನೇ ಸಾಲು ಸೇನೆಯ ಜತೆಗಿನ ನಂಟಿಗೆ. ಇಲ್ಲಿ ಐಕ್ ಅಂಕಣದಲ್ಲಿ ಬರೆಯಲು ಒಂದು ಕುತೂಹಲದ ವಿಷಯ ಇದೆ. ಅಧ್ಯಕ್ಷ ಸ್ಥಾನದಿಂದ ಇಳಿದ ಮೇಲೆ ಅವರು ತಮ್ಮ ಹಳೇ ಸೇನಾ ರ‍್ಯಾಂಕ್ ವಾಪಸ್ ಬೇಕು ಅಂದರು. 1961ರ ಮಾರ್ಚ್‌ನಲ್ಲಿ ಅದಕ್ಕಾಗಿಯೇ ಕಾನೂನು ಆಯಿತು, ಕೆನಡಿ ಸಹಿ ಹಾಕಿದರು, ಆಮೇಲೆ ಅವರನ್ನು ಜನರಲ್ ಅಂತಲೇ ಕರೆಯುತ್ತಿದ್ದರು. ಉಳಿದ ಮೂವರ ಅಂಕಣ ನೀವೇ ತುಂಬಿಸಿ. ಬರೆಯಲು ಕೂತಾಗ ಹುಟ್ಟಿದ ಊರಿನಿಂದ ಶುರು ಮಾಡದೆ, ಈ ಹಾಳೆಯಲ್ಲಿ ನಿಮಗೆ ಅತಿ ಹೆಚ್ಚು ಕಿರಿಕಿರಿ ಮಾಡಿದ ಜೋಡಿ ಯಾವುದೋ ಅಲ್ಲಿಂದ ಶುರು ಮಾಡಿ.